ಹಳೇ ಕ್ಯಾಂಪಿನ ಅಮಾಲಾ

ಕೊಪ್ಪದಲ್ಲಿ ನಮ್ಮಪ್ಪನ ಹಿಟ್ಟಿನ ಮಿಲ್ಲು ಇತ್ತು. ಮೈಸೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ ಕಾವೇರಿ ಸೇತುವೆಗೆ ಮೊದಲು ಸಿಗುವ ಊರು ಅದು. ಹೊಳೆಯಾಚೆ ಕುಶಾಲನಗರ, ಕೊಡಗು. ಈಚೆ ನಾವು, ಪಿರಿಯಾಪಟ್ಟಣ ತಾಲ್ಲೂಕಿನವರು. ಕೊಪ್ಪದಲ್ಲಿ ಎಡಕ್ಕೆ ತಿರುಗಿದರೆ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪುಗಳು ಶುರುವಾಗುತ್ತವೆ. ಹಾಗಾಗಿ ನಮ್ಮ ಮಿಲ್ಲಿನ ಮುಂದೆ ರಾಗಿ ಚೀಲ ಹೊತ್ತ ರೈತರ ಜೊತೆಗೇ, ಉದ್ದನೆಯ ಛುಪಾ ತೊಟ್ಟು ಸೊಂಟಕ್ಕೆ ಪಟ್ಟೆಪಟ್ಟೆಯ ಬಟ್ಟೆ ಕಟ್ಟಿಕೊಂಡ ಹೆಂಗಸರೂ ಸರದಿಗಾಗಿ ಕಾಯುತ್ತಿದ್ದರು. ಆ ಪಟ್ಟೆಬಟ್ಟೆ ಮದುವೆಯಾದ ಹೆಂಗಸರ ಗುರುತು ಎಂದು ನನಗೆ ಹೇಳಿಕೊಟ್ಟವರು ಅಮಾಲಾ.

ಟಿಬೆಟಿಯನ್ನರ ಮನೆಗಳಲ್ಲಿ ಮಕ್ಕಳು ತಾಯಿಯನ್ನು ಕರೆಯುವುದು ಹಾಗೆ. ತಂದೆ ಪಾಲಾ, ಅಕ್ಕ ಅಚಾಲಾ. ಹಳೇ ಕ್ಯಾಂಪಿನ ಆ ಸಂಸಾರದಲ್ಲಿ ಪಾಲಾ, ಅಮಾಲಾ, ಮಗಳು, ನನ್ನ ವಯಸ್ಸಿನ ಮಗ, ನಾಲ್ಕೇ ಜನ. ಮಕ್ಕಳು ಕರೆದಂತೆಯೇ ನಾವೂ ಕರೆದೆವು. ಕೊನೆಗೆ ಅಪ್ಪ, ಅವ್ವ, ಎದುರಿನ ಕಾಕನ ಹೋಟೆಲಿನವರು, ಬಸ್ ಕಂಡಕ್ಟರು ಎಲ್ಲರಿಗೂ ಅವರು ಅಮಾಲಾ ಆದರು. ಅವರು ನಮ್ಮವ್ವನನ್ನು ಅಕ್ಕ ಅನ್ನುತ್ತಿದ್ದರು, ಪಾಲಾ ನಮ್ಮಪ್ಪನನ್ನು ಅಣ್ಣ ಅನ್ನುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಿಂದ ಶುರುವಾದ ಈ ನಂಟು ಎಷ್ಟು ಸಹಜವಾಗಿ ಬೆಳೆಯಿತೆಂದರೆ, ಅವರು ಬೇರೆ ದೇಶದಿಂದ ಬಂದವರು ಎಂಬುದು ಯಾರಾದರೂ ಹೊರಗಿನವರು ಕೇಳಿದಾಗ ಮಾತ್ರ ನೆನಪಾಗುತ್ತಿತ್ತು.

ಅಮಾಲಾ ಬೀಸಿಸಲು ತರುತ್ತಿದ್ದುದು ಹುರಿದ ಧಾನ್ಯ. ಅವರ ನಿತ್ಯದ ಆಹಾರ ತ್ಸಂಪಾ, ಹುರಿದ ಬಾರ್ಲಿಯ ಹಿಟ್ಟು. ಬಾರ್ಲಿ ನಮ್ಮ ಕಡೆ ಬೆಳೆಯುವುದಿಲ್ಲ. ಉತ್ತರದಿಂದ ಬಂದ ಬಾರ್ಲಿ ಸಿಕ್ಕರೆ ಅದು, ಸಿಗದಿದ್ದರೆ ಗೋಧಿ, ಅದೂ ಇಲ್ಲದಿದ್ದರೆ ಅವರ ಹೊಲದ್ದೇ ಮುಸುಕಿನ ಜೋಳ. ನಸುಕಿನಲ್ಲೇ ಬಂದು ಬಾಗಿಲ ಪಕ್ಕ ಕೂರುತ್ತಿದ್ದರು. ರಾಗಿ ಬೀಸಿದ ಕಲ್ಲಿನಲ್ಲಿ ತ್ಸಂಪಾ ಬೀಸಿದರೆ ಹಿಟ್ಟು ಕಪ್ಪಾಗುತ್ತದೆ. ಮೆಣಸಿನಕಾಯಿಯ ಘಾಟು ಹತ್ತಿದರಂತೂ ಇಡೀ ತಿಂಗಳ ಊಟ ಹಾಳು. ಅಪ್ಪ ಹಿಂದಿನ ರಾತ್ರಿಯೇ ಕಲ್ಲು ಎತ್ತಿಸಿ, ಕುಂಚದಿಂದ ಸಂದುಗೊಂದುಗಳನ್ನೆಲ್ಲ ಗುಡಿಸಿಡುತ್ತಿದ್ದರು. ಬೆಳಿಗ್ಗೆ ಮೋಟರು ಹಾಕಿ, ಅಮಾಲಾ ತಂದದ್ದರಲ್ಲೇ ಎರಡು ಹಿಡಿ ಮೊದಲು ಬಿಟ್ಟು, ಕಲ್ಲಿನಲ್ಲಿ ಉಳಿದ ಹಳೆಯ ಹಿಟ್ಟೆಲ್ಲ ಅದರ ಜೊತೆ ಹೊರಗೆ ಬಂದ ಮೇಲೆಯೇ ಉಳಿದದ್ದನ್ನು ಸುರಿಯುತ್ತಿದ್ದರು. ಆ ಎರಡು ಹಿಡಿಯ ಹಿಟ್ಟು ನಮ್ಮ ಕೋಳಿಗಳಿಗೆ. ಬಿಸಿ ಹಿಟ್ಟು ಬಟ್ಟೆಯ ತೋಳಿನಿಂದ ಡಬ್ಬಕ್ಕೆ ಇಳಿಯುವಾಗ ಅಮಾಲಾ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಚಿಟಿಕೆ ಉಜ್ಜಿ ನೋಡುತ್ತಿದ್ದರು. ತರಿ ಇದ್ದರೆ ತಲೆ ಅಲ್ಲಾಡಿಸುವರು, ಅಪ್ಪ ಕಲ್ಲು ಬಿಗಿ ಮಾಡುವರು. ಸರಿಯಾದರೆ ಅದೇ ಚಿಟಿಕೆಯನ್ನು ನನ್ನ ಬಾಯಿಗೆ ಹಾಕುವರು.

ಅವ್ವ ಒಂದು ದಿನ ಆ ಹಿಟ್ಟಿನ ವಾಸನೆ ಹಿಡಿದು ಹಟ್ಟಿಯಿಂದ ಮಿಲ್ಲಿಗೇ ಬಂದುಬಿಟ್ಟಳು. 'ಅಯ್ಯೋ, ಇದು ನಮ್ ಹುರಿಹಿಟ್ಟು ಕಣವ್ವ' ಅಂದಳು. ನಮ್ಮ ಮನೆಯಲ್ಲಿ ರಾಗಿ ನೆನೆಸಿ, ಆರಿಸಿ, ಬಿಸಿ ಮರಳಿನಲ್ಲಿ ಅರಳು ಹುರಿದು, ಜರಡಿ ಹಿಡಿದು ಮರಳು ಕಳೆದು ಬೀಸುವ ಪದ್ಧತಿ. ಟಿಬೆಟಿನಲ್ಲಿ ಬಾರ್ಲಿಯನ್ನೂ ಹೀಗೆ ಬಿಸಿ ಮರಳಿನಲ್ಲೇ ಹುರಿಯುತ್ತಾರಂತೆ. ಅಮಾಲಾಗೆ ಮಾತು ಸಾಲದೆ ನೆಲದ ಮೇಲೆ ಕುಳಿತು ಬಾಣಲೆ, ಮರಳು, ಜರಡಿ ಎಲ್ಲವನ್ನೂ ಕೈಯಲ್ಲೇ ಮಾಡಿ ತೋರಿಸಿದರು. ಅವ್ವ ಎದ್ದುಹೋಗಿ ಅಟ್ಟದಿಂದ ನಮ್ಮ ಕರಿ ಬಾಣಲೆ ಇಳಿಸಿಕೊಂಡು ಬಂದಳು. ಅಂದಿನಿಂದ ಬೇಸಿಗೆಯಲ್ಲಿ ಹುರಿಯುವ ಕೆಲಸ ನಮ್ಮ ಹಿತ್ತಲಲ್ಲಿ ಜೋಡಿಯಾಗಿ ನಡೆಯತೊಡಗಿತು. ಒಲೆ ಒಂದೇ, ಮರಳು ಒಂದೇ. ಮೊದಲು ಅವರ ಗೋಧಿ, ಆಮೇಲೆ ನಮ್ಮ ರಾಗಿ. ನಮ್ಮ ಹುರಿಹಿಟ್ಟಿಗೆ ಬೆಲ್ಲ, ಹಾಲು, ಏಲಕ್ಕಿ ಬೀಳುತ್ತದೆ. ಅವರದಕ್ಕೆ ಉಪ್ಪು ಹಾಕಿದ ಬೆಣ್ಣೆ ಟೀ. ಅಮಾಲಾ ಮರದ ಬಟ್ಟಲನ್ನು ಎಡಗೈಯಲ್ಲಿ ತಿರುಗಿಸುತ್ತ, ಬಲಗೈ ಬೆರಳಿನಿಂದ ಹಿಟ್ಟನ್ನು ಒಳಗೊಳಗೇ ಒತ್ತಿ ಮುದ್ದೆ ಮಾಡುವುದನ್ನು ನಾನು ಎಷ್ಟೋ ಸಲ ಕೂತು ನೋಡಿದ್ದೇನೆ. ಅಷ್ಟು ಒಣ ಹಿಟ್ಟಿನಲ್ಲಿ ಒಂದು ಚೂರೂ ಹೊರಗೆ ಚೆಲ್ಲುತ್ತಿರಲಿಲ್ಲ.

ಅವರು ಇಲ್ಲಿಗೆ ಬಂದ ಕಥೆಯನ್ನು ಪಾಲಾ ಒಂದೇ ಬಾರಿಗೆ ಹೇಳಿದವರಲ್ಲ. ಮಳೆಗಾಲದ ಸಂಜೆ ಕರೆಂಟು ಹೋಗಿ ಮಿಲ್ಲು ನಿಂತಾಗ, ಚೀಲದ ಮೇಲೆ ಕುಳಿತು, ಬೀಡಿಯ ಹೊಗೆಯಲ್ಲಿ ತುಂಡುತುಂಡಾಗಿ ಹೇಳುತ್ತಿದ್ದರು. ಅವರದು ಶಿಗಾತ್ಸೆ ಕಡೆಯ ಒಂದು ಹಳ್ಳಿ. 1959ರ ಮಾರ್ಚಿನಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರಲ್ಲ, ಅವರ ಹಿಂದೆ ಸಾವಿರಾರು ಜನ ಬೆಟ್ಟ ದಾಟಿದರು. ಪಾಲಾ ಸಿಕ್ಕಿಂ ಕಡೆಯಿಂದ ಇಳಿದರು. ಹಗಲು ಅಡಗಿಕೊಂಡು ರಾತ್ರಿ ನಡೆದರಂತೆ. ಅಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಒಡೆದರು. ಆ ಕೆಲಸದಲ್ಲೇ ಅಮಾಲಾ ಪರಿಚಯವಾದದ್ದು. ಒಂದು ಕೈಯಲ್ಲಿ ಸುತ್ತಿಗೆ ಹಿಡಿದು ಇನ್ನೊಂದು ಕೈಯಲ್ಲಿ ಕಣ್ಣಿಗೆ ಬಿದ್ದ ಕಲ್ಲಿನ ಚೂರನ್ನು ಒರೆಸಿಕೊಳ್ಳುತ್ತಿದ್ದ ಹುಡುಗಿ ಎಂದು ಪಾಲಾ ಹೇಳಿದರೆ, ಅಮಾಲಾ ಮುಖ ತಿರುಗಿಸಿ ನಗುತ್ತಿದ್ದರು.

ನಿರಾಶ್ರಿತರಿಗೆ ನೆಲ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ನಮ್ಮ ಮೈಸೂರು ರಾಜ್ಯ ದೊಡ್ಡ ಮನಸ್ಸು ಮಾಡಿತು. ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡು ಗುತ್ತಿಗೆಗೆ ಸಿಕ್ಕಿತು. ದಕ್ಷಿಣ ಭಾರತದ ಮೊದಲ ಟಿಬೆಟಿಯನ್ ನೆಲೆ ಅದೇ. ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ ಎಲ್ಲ ಆಮೇಲೆ ಬಂದವು. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಕರ್ನಾಟಕದಲ್ಲಿ ಹಲವು ಸಲ ಕೃತಜ್ಞತೆಯಿಂದ ನೆನೆದಿದ್ದಾರೆ. ಪಾಲಾ ಕೂಡ ಆ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸುತ್ತಿದ್ದರು, ಹೇಳುವಾಗ ಕೈ ತಾನಾಗಿ ಹಣೆಯ ಹತ್ತಿರ ಹೋಗುತ್ತಿತ್ತು.

1960ರ ಕೊನೆಗೆ ಮೊದಲ ತಂಡ ಬಂತು. ಪಾಲಾ ಅವರದು ಅದರ ಮುಂದಿನ ವರ್ಷ ಬಂದ ತಂಡಗಳಲ್ಲೊಂದು. ದಿನಗಟ್ಟಲೆ ರೈಲು, ಮೈಸೂರಿನಿಂದ ಲಾರಿ. ಇಳಿದು ನೋಡಿದರೆ ಬಿದಿರು, ಕಾಡು, ಗುಡಾರ. ಮನೆಯೂ ಇಲ್ಲ, ಹೊಲವೂ ಇಲ್ಲ. ಮರ ಕಡಿದು, ಬೊಡ್ಡೆ ಕಿತ್ತು, ಸುಟ್ಟು, ನೆಲ ಮಾಡಿಕೊಳ್ಳಬೇಕು. ತಣ್ಣನೆಯ ಬೆಟ್ಟದಿಂದ ಬಂದವರಿಗೆ ನಮ್ಮ ಮಾರ್ಚ್ ಏಪ್ರಿಲ್ ಬಿಸಿಲು, ಅದರ ಮೇಲೆ ಕಾಡು ಸುಡುವ ಬೆಂಕಿ. ಜ್ವರ, ಭೇದಿಗೆ ಬಹಳ ಜನ ಸತ್ತರು. ಆನೆ ನೋಡಿಯೇ ಇರದವರು ಆನೆಗಳ ದಾರಿಯಲ್ಲಿ ಗುಡಾರ ಹಾಕಿದ್ದರು. ರಾತ್ರಿಯೆಲ್ಲ ತಗಡು ಬಡಿದು, ಬೆಂಕಿ ಹಾಕಿ ಕಾಯಬೇಕಾಗಿತ್ತು. ಅಮಾಲಾ ಅವರ ಮೊದಲ ಮಗು ಆ ದಿನಗಳಲ್ಲಿ ತೀರಿಕೊಂಡಿತು. ಈ ವಿಷಯ ಪಾಲಾ ಹೇಳಲಿಲ್ಲ, ಅಮಾಲಾ ಹೇಳಲಿಲ್ಲ. ಅವ್ವನಿಗೆ ಹೇಗೋ ಗೊತ್ತಿತ್ತು. ಹೆಂಗಸರು ಒಲೆಯ ಮುಂದೆ ಏನೇನು ಹಂಚಿಕೊಂಡರೋ ನನಗೆ ಅದರ ಕಾಲುಭಾಗವೂ ತಿಳಿದಿಲ್ಲ.

ನಾನು ಕಂಡ ಕ್ಯಾಂಪು ಇದಕ್ಕೆ ಪೂರಾ ಬೇರೆ. ಹೆಂಚಿನ ಮನೆಗಳ ಸಾಲು, ಮನೆ ಮುಂದೆ ಬಿದಿರ ಗಳುವಿಗೆ ಕಟ್ಟಿದ ಬಣ್ಣಬಣ್ಣದ ಪ್ರಾರ್ಥನಾ ಬಾವುಟಗಳು, ಜಗುಲಿಯುದ್ದಕ್ಕೂ ಡಾಲ್ಡಾ ಡಬ್ಬಗಳಲ್ಲಿ ಹೂಗಿಡ. ಡಬ್ಬ ಯಾವುದೇ ಸಿಗಲಿ, ಎಣ್ಣೆಯದೋ ಹಾಲಿನ ಪುಡಿಯದೋ, ಟಿಬೆಟಿಯನ್ನರ ಮನೆಯಲ್ಲಿ ಅದು ಖಾಲಿ ಕೂರುವಂತಿಲ್ಲ. ಅಮಾಲಾ ಅವರ ಜಗುಲಿಯ ಚೆಂಡುಹೂವು, ಜೆರೇನಿಯಂ, ಡೇಲಿಯಾ ನೋಡಿಯೇ ನಮ್ಮವ್ವನಿಗೆ ಹೂವಿನ ಹುಚ್ಚು ಹತ್ತಿದ್ದು. ಒಳಗೆ ಹೋದರೆ ಗೋಡೆಯ ಎತ್ತರದಲ್ಲಿ ದಲೈ ಲಾಮಾ ಅವರ ಫೋಟೋ, ಮುಂದೆ ಏಳು ನೀರಿನ ಬಟ್ಟಲು, ಒಂದು ಬೆಣ್ಣೆ ದೀಪ. ಕೂತ ತಕ್ಷಣ ಟೀ. ಉದ್ದನೆಯ ಮರದ ಕೊಳವೆಯಲ್ಲಿ ಟೀ ಡಿಕಾಕ್ಷನ್ನು, ಉಪ್ಪು, ಬೆಣ್ಣೆ ಹಾಕಿ ಮೇಲಿಂದ ಕೆಳಕ್ಕೆ ಕಡೆದು ಬಗ್ಗಿಸುತ್ತಾರೆ. ಒಂದು ಗುಟುಕು ಕುಡಿದು ಕೆಳಗಿಟ್ಟರೆ ಮತ್ತೆ ತುಂಬುತ್ತಾರೆ. ಬಟ್ಟಲು ಕಡಿಮೆಯಾಗಲು ಬಿಡುವುದೇ ಇಲ್ಲ. ಆ ಬೆಣ್ಣೆ ನಮ್ಮ ಎಮ್ಮೆಯದು. ವಾರಕ್ಕೊಮ್ಮೆ ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟುಬರುವ ಕೆಲಸ ನನ್ನದಾಗಿತ್ತು. ಹೋದವರು ಬರಿಗೈಲಿ ಬರುವಂತಿರಲಿಲ್ಲ. ಸ್ಟೀಮ್ ಮಾಡಿದ ಬ್ರೆಡ್ಡೋ, ಒಣಗಿಸಿದ ಚೀಸಿನ ಗಟ್ಟಿ ತುಂಡೋ, ಏನಾದರೊಂದು ಜೇಬು ಸೇರುತ್ತಿತ್ತು. ಆ ಚೀಸು ಬಾಯಿಗೆ ಹಾಕಿದರೆ ಮನೆ ಮುಟ್ಟಿದರೂ ಕರಗುತ್ತಿರಲಿಲ್ಲ.

ಊರಿನವರಿಗೂ ಕ್ಯಾಂಪಿನವರಿಗೂ ಯಾವಾಗಲೂ ಸಕ್ಕರೆಯಂಥ ಸಂಬಂಧವಿತ್ತೆಂದು ನಾನು ಬರೆಯಲಾರೆ. ನಮ್ಮ ಕಡೆ ಭೂಮಿ ಇಲ್ಲದ ಬಡವರು ಬಹಳ ಇದ್ದರು. ಹೊರಗಿನಿಂದ ಬಂದವರಿಗೆ ಜಮೀನು, ಟ್ರಾಕ್ಟರು, ಆಸ್ಪತ್ರೆ, ಶಾಲೆ ಎಲ್ಲ ಬಂತು, ನಮಗೇನು ಎಂಬ ಮಾತು ಅರಳಿಕಟ್ಟೆಯಲ್ಲಿ ಕೇಳುತ್ತಿತ್ತು. ಅದರಲ್ಲಿ ನ್ಯಾಯವೂ ಇತ್ತು. ಆದರೆ ಕ್ಯಾಂಪಿನ ಹೊಲಗಳಲ್ಲಿ ಕೆಲಸ ಸಿಕ್ಕಿದ್ದೂ ಆ ಬಡವರಿಗೇ. ಮುಸುಕಿನ ಜೋಳವನ್ನು ಎಕರೆಗಟ್ಟಲೆ ಬೆಳೆದು ಮಾರುವುದನ್ನು ನಮ್ಮ ಸುತ್ತಿನವರು ನೋಡಿದ್ದು ಅವರ ಹೊಲದಲ್ಲಿ. ಅವರ ಸಹಕಾರ ಸಂಘದ ವರ್ಕ್‌ಶಾಪಿನಲ್ಲಿ ಟ್ರಾಕ್ಟರ್ ರಿಪೇರಿ ಕಲಿತ ನಮ್ಮ ಹುಡುಗರು ಆಮೇಲೆ ಸ್ವಂತ ಗ್ಯಾರೇಜು ಹಾಕಿದರು. ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟಿಯನ್ನರಿಗೆ ನೆಲೆ ಮಾಡಿಕೊಡಲು. ಅದೇ ಸಂಸ್ಥೆ ಮುಂದೆ ನಮ್ಮ ಹಳ್ಳಿಗಳ ಬಡ ಹೆಂಗಸರ ಸಂಘಗಳ ಕೆಲಸಕ್ಕೆ ಇಳಿಯಿತು. ಅಪ್ಪನ ಮಿಲ್ಲು ಎರಡನೇ ಕಲ್ಲು ಹಾಕಿಸಿಕೊಂಡದ್ದು ಕ್ಯಾಂಪಿನ ಜೋಳದಿಂದಲೇ.

ಸುಗ್ಗಿ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಕ್ಯಾಂಪು ಅರ್ಧ ಖಾಲಿ. ಹೊಲ ನಂಬಿ ವರ್ಷವಿಡೀ ಬದುಕಲಾಗುತ್ತಿರಲಿಲ್ಲ. ಬಹಳ ಜನ ಸ್ವೆಟರ್ ವ್ಯಾಪಾರಕ್ಕೆ ಹೊರಡುತ್ತಿದ್ದರು. ಲೂಧಿಯಾನದ ಸಗಟು ಮಳಿಗೆಗಳಿಂದ ಸಾಲದ ಮೇಲೆ ಮಾಲು ತಂದು ಬೆಂಗಳೂರು, ಮುಂಬೈ, ಸಿಕ್ಕಿದ ಊರುಗಳ ಫುಟ್‌ಪಾತಿನಲ್ಲಿ ಹರಡಿಕೊಂಡು ಸಂಕ್ರಾಂತಿಯವರೆಗೆ ಮಾರಾಟ. ಪಾಲಾ, ಅಮಾಲಾ ಹೋಗುವುದು ಮುಂಬೈಗೆ. ಅಚಾಲಾ ಶಾಲೆಯ ಹಾಸ್ಟೆಲಿನಲ್ಲಿ ಉಳಿದರೆ ಮಗ ನಮ್ಮ ಮನೆಗೆ ಬರುತ್ತಿದ್ದ. ಒಂದು ತಗಡಿನ ಪೆಟ್ಟಿಗೆ, ಒಂದು ಕಂಬಳಿ, ಒಂದು ಡಬ್ಬ ತ್ಸಂಪಾ ಅವನ ಗಂಟು. ಅವನ ಹೆಸರಿನಲ್ಲೂ ತೇನ್‌ಜಿನ್ ಇತ್ತು. ಕ್ಯಾಂಪಿನ ಶಾಲೆಯಲ್ಲಿ ತೇನ್‌ಜಿನ್ ಎಂದು ಕೂಗಿದರೆ ಎಷ್ಟೋ ಮಕ್ಕಳು ಎದ್ದು ನಿಲ್ಲುತ್ತಿದ್ದರಂತೆ. ದಲೈ ಲಾಮಾ ತಮ್ಮ ಹೆಸರಿನ ಮೊದಲ ಭಾಗವನ್ನೇ ಮಕ್ಕಳಿಗೆ ಇಡುವುದರಿಂದ ಹಾಗೆ. ನಮ್ಮ ಕೊಪ್ಪದಲ್ಲಿ ಅವನೊಬ್ಬನೇ ಆದ್ದರಿಂದ ತೊಂದರೆ ಇರಲಿಲ್ಲ.

ಆ ಚಳಿಗಾಲಗಳು ನನ್ನ ಬಾಲ್ಯದ ಒಳ್ಳೆಯ ಭಾಗ. ಬೆಳಿಗ್ಗೆ ಇಬ್ಬರೂ ಒಂದೇ ಚೊಂಬಿನ ನೀರಿನಲ್ಲಿ ಮುಖ ತೊಳೆದು, ಹುರಿಹಿಟ್ಟನ್ನೂ ತ್ಸಂಪಾವನ್ನೂ ಬೆರೆಸಿ ಬೆಲ್ಲ ಹಾಕಿ ತಿನ್ನುತ್ತಿದ್ದೆವು. ಅದು ನಾವೇ ಕಂಡುಹಿಡಿದ ತಿಂಡಿ. ಅವನಿಗೆ ರಾಜ್‌ಕುಮಾರ್ ಸಿನಿಮಾ ಎಂದರೆ ಪ್ರಾಣ. ಕುಶಾಲನಗರದ ಟಾಕೀಸಿಗೆ ಸೇತುವೆ ದಾಟಿ ನಡೆದೇ ಹೋಗಿ, ವಾಪಸು ಬರುವಾಗ ಕತ್ತಲಲ್ಲಿ ಹಾಡನ್ನು ರಾಗ ಸಮೇತ ಹೇಳುತ್ತಿದ್ದ. ಬಣ್ಣದ ಗಾಳಿಪಟ ಹಾರಿಸುವುದು ಅವನಿಗೆ ಬರುತ್ತಿತ್ತು, ಮರ ಹತ್ತುವುದು ನನಗೆ. ರಾತ್ರಿ ಅವ್ವ ಅವನ ತಲೆಗೆ ಎಣ್ಣೆ ಹಚ್ಚುವಾಗ ಮಾತ್ರ ಸುಮ್ಮನಾಗಿಬಿಡುತ್ತಿದ್ದ. ಒಮ್ಮೆ, 'ದೊಡ್ಡಮ್ಮ, ಮುಂಬೈನಲ್ಲಿ ಅಮಾಲಾ ಎಲ್ಲಿ ಮಲಗ್ತಾರೆ?' ಎಂದು ಕೇಳಿದ. ಅವ್ವ ಮುಂಬೈ ಕಂಡವಳಲ್ಲ. 'ಒಳ್ಳೆ ಜಾಗ್ದಲ್ಲೇ ಮಲಗಿರ್ತಾಳೆ ಕಣೋ ಮಗಾ' ಎಂದು ಹೇಳಿ, ಎಣ್ಣೆ ಸಾಕಾದರೂ ಇನ್ನೂ ಸ್ವಲ್ಪ ಹೊತ್ತು ತಲೆ ಒತ್ತುತ್ತಲೇ ಇದ್ದಳು.

ವ್ಯಾಪಾರ ಮುಗಿಸಿ ಅವರು ವಾಪಸು ಬಂದ ಮೇಲೆ ಲೋಸಾರ್, ಟಿಬೆಟಿಯನ್ನರ ಹೊಸ ವರ್ಷ. ಫೆಬ್ರವರಿ ಇಲ್ಲವೇ ಮಾರ್ಚಿನಲ್ಲಿ ಬರುತ್ತದೆ. ವಾರಕ್ಕೆ ಮೊದಲೇ ಖಾಪ್ಸೆ ಎಂಬ ಹಬ್ಬದ ತಿಂಡಿ ಕರಿಯುವುದಕ್ಕೆ ಮಿಲ್ಲಿನಲ್ಲಿ ಗೋಧಿ ಹಿಟ್ಟಿನ ಸಾಲು ಹತ್ತುತ್ತಿತ್ತು. ನನಗೆ ಹೆಚ್ಚು ಇಷ್ಟವಾಗಿದ್ದು ಹಬ್ಬಕ್ಕಿಂತ ಅದಕ್ಕೆ ಮೊದಲು, ಹಳೆಯ ವರ್ಷದ ಕೊನೆಯ ತಿಂಗಳ ಇಪ್ಪತ್ತೊಂಬತ್ತನೇ ದಿನದ ರಾತ್ರಿಯ ಗುಥುಕ್. ಒಂಬತ್ತು ಪದಾರ್ಥ ಹಾಕಿದ ಗಟ್ಟಿ ಸಾರು ಅದು. ಅದರಲ್ಲಿ ಎಲ್ಲರಿಗೂ ಒಂದೊಂದು ದೊಡ್ಡ ಹಿಟ್ಟಿನ ಉಂಡೆ. ಉಂಡೆಯೊಳಗೆ ಏನೋ ಒಂದು ಅಡಗಿರುತ್ತದೆ. ಎಲ್ಲರ ಮುಂದೆ ಒಡೆದು ತೋರಿಸಬೇಕು. ಇದ್ದಿಲು ಸಿಕ್ಕರೆ ಮನಸ್ಸು ಕಪ್ಪು, ಮೆಣಸಿನಕಾಯಿ ಸಿಕ್ಕರೆ ವಾಚಾಳಿ, ಉಣ್ಣೆ ಸಿಕ್ಕರೆ ಮೃದು ಹೃದಯ. ಒಂದು ವರ್ಷ ನಮ್ಮ ಇಡೀ ಮನೆಯನ್ನು ಕರೆದಿದ್ದರು. ನನಗೆ ಮೆಣಸಿನಕಾಯಿ, ಗೆಳೆಯನಿಗೆ ಇದ್ದಿಲು. ಅವನು ಅಳುವ ಮುಖ ಮಾಡಿದ, ಅಚಾಲಾ ಚಪ್ಪಾಳೆ ಹೊಡೆದಳು. ಅಪ್ಪ ತಮ್ಮ ಉಂಡೆಯನ್ನು ಬಹಳ ಗಂಭೀರವಾಗಿ, ಕಲ್ಲು ಎತ್ತಿ ನೋಡುವಾಗಿನ ಎಚ್ಚರದಲ್ಲೇ ಬಿಡಿಸಿದರು. ಒಳಗೆ ಬಿಳಿ ಉಣ್ಣೆ. ಪಾಲಾ ಎದ್ದು ನಿಂತು ಅಪ್ಪನ ಹಣೆಗೆ ತಮ್ಮ ಹಣೆ ತಾಗಿಸಿದರು. ಉಂಡೆ ಕಟ್ಟಿದ್ದೂ ಬಡಿಸಿದ್ದೂ ಅಮಾಲಾ. ಯಾರ ಬಟ್ಟಲಿಗೆ ಯಾವುದು ಎಂದು ಅವರು ಮೊದಲೇ ಯೋಚಿಸಿದ್ದರೆಂದು ನನಗೆ ಈಗಲೂ ಅನುಮಾನ.

ಅವರ ಬದುಕಿನಲ್ಲಿ ಒಂದು ಪುಸ್ತಕದಷ್ಟೇ ದೊಡ್ಡದಾದ ಆತಂಕವೂ ಇತ್ತು. ನಿರಾಶ್ರಿತರೆಂಬುದಕ್ಕೆ ಕೊಡುವ ನೋಂದಣಿ ಪತ್ರ, ಅವರ ಮಾತಿನಲ್ಲಿ ಆರ್‌ಸಿ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕಿತ್ತು, ದೂರ ಪ್ರಯಾಣಕ್ಕೆ ತಿಳಿಸಿ ಹೋಗಬೇಕಿತ್ತು. ಪಾಲಾ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ದೇವರ ಫೋಟೋದ ಹಿಂದೆ ಇಟ್ಟಿದ್ದರು. ಮನೆಯಲ್ಲಿ ಬೆಂಕಿ ಬಿದ್ದರೆ ಮೊದಲು ತೆಗೆಯುವುದು ಅದನ್ನೇ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದರು. ಕಾನೂನಿನ ಪ್ರಕಾರ 1950ರ ಜನವರಿ 26ರಂದು ಅಥವಾ ಅದರ ನಂತರ, 1987ರ ಜುಲೈ 1ಕ್ಕೆ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಇಲ್ಲಿನ ಪ್ರಜೆಗಳು. ಬೈಲಕುಪ್ಪೆಯಲ್ಲಿ ಹುಟ್ಟಿದ ಅಚಾಲಾ, ನನ್ನ ಗೆಳೆಯ ಇಬ್ಬರೂ ಅದರೊಳಗೆ ಬರುತ್ತಿದ್ದರು. ಆದರೂ ಅವರ ಕೈಯಲ್ಲಿದ್ದದ್ದು ನಿರಾಶ್ರಿತರ ಪುಸ್ತಕವೇ. ಟಿಬೆಟಿಯನ್ನರಿಗೆ ಈ ಹಕ್ಕು ಇದೆ ಎಂದು ನ್ಯಾಯಾಲಯಗಳು ಸ್ಪಷ್ಟವಾಗಿ ಹೇಳಿದ್ದು ಬಹಳ ವರ್ಷಗಳ ನಂತರ, 2010ರ ದೆಹಲಿ ಹೈಕೋರ್ಟ್ ತೀರ್ಪಿನಿಂದ ಈಚೆಗೆ. ಅಪ್ಪ ಒಮ್ಮೆ, 'ಯಜಮಾನ್ರೇ, ಮಕ್ಕಳಿಗಾದ್ರೂ ಇಲ್ಲೀದು ಮಾಡಿಸ್ಬೋದಲ್ವಾ' ಎಂದಿದ್ದರು. ಪಾಲಾ ತುಂಬ ಹೊತ್ತು ಸುಮ್ಮನಿದ್ದು, 'ಅಣ್ಣಾ, ಊರು ನೀನು ಕೊಟ್ಟೆ. ಆ ಪುಸ್ತಕ ಬಿಟ್ರೆ ನಮ್ಮ ಊರು ಯಾರು ಕೇಳ್ತಾರೆ?' ಅಂದರು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಪಾಲಾ ಹೇಳಿದ್ದು ಸರಿ ಎಂದು ಆಗ ನನಗೆ ಅನಿಸಿತ್ತು. ಆ ಮಕ್ಕಳು ಮುಂದೆ ಕೆಲಸಕ್ಕಾಗಿ, ಪಾಸ್‌ಪೋರ್ಟಿಗಾಗಿ ಪಟ್ಟ ಪಾಡು ನೋಡಿದ ಮೇಲೆ, ಅಪ್ಪ ಹೇಳಿದ್ದೂ ಸರಿಯೇ ಎಂದು ತಿಳಿಯುತ್ತದೆ.

1989ರ ಅಕ್ಟೋಬರಿನಲ್ಲಿ ದಲೈ ಲಾಮಾ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಸುದ್ದಿ ರೇಡಿಯೋದಲ್ಲಿ ಕೇಳಿದ ಪಾಲಾ ಕ್ಯಾಂಪಿನಿಂದ ಸೈಕಲ್ ತುಳಿದುಕೊಂಡು ಮಿಲ್ಲಿಗೆ ಬಂದರು. ಮಾತೇ ಬರಲಿಲ್ಲ. ಅಪ್ಪನ ಕೈ ಹಿಡಿದು ಎಳೆದುಕೊಂಡು ಹೊರಟೇಬಿಟ್ಟರು. ಕ್ಯಾಂಪಿನಲ್ಲಿ ಧೂಪದ ಹೊಗೆ ಹಾಕಿ ಜನ ಸಾಲಾಗಿ ನಿಂತಿದ್ದರು. ಎಲ್ಲರ ಅಂಗೈಯಲ್ಲೂ ತ್ಸಂಪಾ. 'ಲ್ಹಾ ಗ್ಯಾಲೋ' ಎಂದು ಒಟ್ಟಿಗೆ ಕೂಗಿ ಹಿಟ್ಟನ್ನು ಆಕಾಶಕ್ಕೆ ಎರಚಿದರು. ದೇವರಿಗೆ ಜಯವಾಗಲಿ ಎಂದು ಹಾಗೆ ಮಾಡುತ್ತಾರೆ. ಒಂದು ಹಿಡಿ ಹಿಟ್ಟು ನೆಲಕ್ಕೆ ಬಿದ್ದರೂ ಪೊರಕೆಯಿಂದ ಬಳಿದು ಎತ್ತಿಡುವ ಅಪ್ಪ ಮೊದಲು ಬೆಚ್ಚಿಬಿದ್ದರು. ಅಮಾಲಾ ಅಪ್ಪನ ಕೈಗೂ ಒಂದು ಹಿಡಿ ಸುರಿದರು. ಮುಂದಿನ ಕೂಗಿಗೆ ಅಪ್ಪನೂ ಎರಚಿದರು. ಎಲ್ಲರ ತಲೆ, ಹುಬ್ಬು, ಹೆಗಲು ಬೆಳ್ಳಗಾಗಿತ್ತು. ಅಪ್ಪ ಅಳುತ್ತಿದ್ದುದನ್ನು ನಾನು ನೋಡಿದ್ದು ಅಂದೇ ಮೊದಲು.

ಅದಾದ ಸ್ವಲ್ಪ ಕಾಲಕ್ಕೆ ಕ್ಯಾಂಪಿನಲ್ಲಿ ಹೊರಡುವ ಮಾತು ಶುರುವಾಯಿತು. 1990ರಲ್ಲಿ ಅಮೆರಿಕ ತನ್ನ ವಲಸೆ ಕಾನೂನಿನಲ್ಲಿ ಭಾರತ, ನೇಪಾಳಗಳ ಟಿಬೆಟಿಯನ್ನರಿಗಾಗಿ 1000 ವೀಸಾ ತೆಗೆದಿಟ್ಟಿತು. ಲಾಟರಿಯಲ್ಲಿ ಅಚಾಲಾ ಹೆಸರು ಬಂತು. ಮಿನೆಸೋಟಾ ಎಂಬ ಹಿಮ ಬೀಳುವ ನಾಡು. ಹಿಮ ಬೀಳುವ ನಾಡಿನಿಂದ ಬಂದ ತಂದೆತಾಯಿಯ, ಹಿಮವನ್ನೇ ಕಾಣದ ಮಗಳು ಅಲ್ಲಿಗೆ ಹೊರಟಳು. ಹೊರಡುವ ಹಿಂದಿನ ದಿನ ಅವ್ವ ಅವಳಿಗೆ ಮಡಿಲು ತುಂಬಿದಳು: ಒಂದು ರವಿಕೆ ಕಣ, ತೆಂಗಿನಕಾಯಿ, ಐದು ಸೇರು ಹುರಿಹಿಟ್ಟು. ಅಮಾಲಾ ಅವ್ವನ ಕೊರಳಿಗೆ ಬಿಳಿ ಖತಾ ಶಾಲು ಹಾಕಿದರು. ನನ್ನ ಗೆಳೆಯ ಇನ್ನೂ ಹಲವು ವರ್ಷ ಇಲ್ಲೇ ಇದ್ದ, ಪಾಲಾ ಅವರ ಹೊಲ ನೋಡಿದ, ಸ್ವೆಟರು ಮಾರಿದ, ಕುಶಾಲನಗರದಲ್ಲಿ ಸಣ್ಣ ಮೋಮೋ ಅಂಗಡಿ ಇಟ್ಟ, ಮುಚ್ಚಿದ. ಆಮೇಲೆ ಅವನೂ ಟೊರಾಂಟೊಗೆ ಹೋದ. ಒಮ್ಮೆ ಮನೆ ಕಟ್ಟಿಕೊಂಡವರು ಇನ್ನೊಮ್ಮೆ ಗಂಟು ಕಟ್ಟುವುದನ್ನು ನೋಡುವುದು ನಮಗೂ ಸುಲಭವಾಗಿರಲಿಲ್ಲ. ಅವರು ಬಂದಾಗ ನಾನು ಹುಟ್ಟಿರಲಿಲ್ಲ. ಹೋಗುವಾಗ ನಾನೇ ಬಸ್ಸಿನವರೆಗೆ ಪೆಟ್ಟಿಗೆ ಹೊತ್ತೆ.

ಪಾಲಾ ಹೋಗಲಿಲ್ಲ. 1999ರಲ್ಲಿ ನಾಮ್‌ಡ್ರೋಲಿಂಗ್ ಮಠದ ಸ್ವರ್ಣ ದೇಗುಲ ತೆರೆದಾಗ ಅವರು ಅಪ್ಪನನ್ನು ಕರೆದುಕೊಂಡು ಹೋಗಿ ಒಂದೊಂದು ಮೂರ್ತಿಯ ಮುಂದೆಯೂ ನಿಲ್ಲಿಸಿ ತೋರಿಸಿದರು. 1963ರಲ್ಲಿ ಪೆನೋರ್ ರಿನ್‌ಪೊಚೆ ಬಿದಿರ ಗುಡಿಯಿಂದ ಶುರು ಮಾಡಿದ ಮಠ ಅದು. ಬಿದಿರು ಕಡಿದವರಲ್ಲಿ ತಾನೂ ಒಬ್ಬ ಎಂದು ಪಾಲಾಗೆ ಹೆಮ್ಮೆ. ಇಂದು ಅಲ್ಲಿಗೆ ಬರುವ ಪ್ರವಾಸಿಗರ ವಾಹನಗಳಿಗೆ ಕೊಪ್ಪದ ರಸ್ತೆ ಸಾಲದು.

ಪಾಲಾ ತೀರಿಕೊಂಡದ್ದು ಒಂದು ಆಷಾಢದಲ್ಲಿ, ಎಡೆಬಿಡದ ಮಳೆಯಲ್ಲಿ. ಮಿಲ್ಲು ಮುಚ್ಚಿ ಅಪ್ಪ ಹೋದರು. ಅವ್ವ ಬೆಣ್ಣೆಯ ಪಾತ್ರೆ ಹೊತ್ತು ಹೋದಳು. ಬೆಣ್ಣೆ ದೀಪಗಳನ್ನು ನೂರರ ಲೆಕ್ಕದಲ್ಲಿ ಹಚ್ಚಿದ್ದರು. ಸತ್ತವರಿಗಾಗಿ 49 ದಿನ ಪ್ರಾರ್ಥನೆ ನಡೆಯುತ್ತದೆ. ಅಷ್ಟು ದಿನವೂ ನಮ್ಮ ಮನೆಯಿಂದಲೇ ಬೆಣ್ಣೆ ಹೋಯಿತು. ದುಡ್ಡು ಕೊಡಲು ಬಂದ ಅಮಾಲಾಗೆ ಅವ್ವ, 'ನನ್ ತಮ್ಮಂಗೆ ನಾನ್ ದೀಪ ಹಚ್ಬಾರ್ದಾ' ಅಂದಳು. ಅಮಾಲಾ ದುಡ್ಡನ್ನು ಸೆರಗಿನಂತಿದ್ದ ಆ ಪಟ್ಟೆಬಟ್ಟೆಯ ತುದಿಗೆ ಕಟ್ಟಿಕೊಂಡು ಅಲ್ಲೇ ಜಗುಲಿಯ ಮೇಲೆ ಕುಳಿತರು. ಅಂದು ರಾತ್ರಿ ನಮ್ಮ ಮನೆಯಲ್ಲೇ ಮಲಗಿದರು.

ಮಗ ಹಳದಿ ಬಣ್ಣದ ಪ್ರಯಾಣ ಪುಸ್ತಕ ಮಾಡಿಸಿ, ಕಾಗದ ಪತ್ರ ಮುಗಿಸಿ ಅವರನ್ನು ಕರೆಸಿಕೊಳ್ಳಲು ವರ್ಷಗಳೇ ಹಿಡಿದವು. ಹೊರಡುವಾಗ ಅಮಾಲಾ ಹೂವಿನ ಡಬ್ಬಗಳನ್ನೆಲ್ಲ ಆಟೋದಲ್ಲಿ ಹಾಕಿಸಿ ನಮ್ಮ ಜಗುಲಿಗೆ ಸಾಗಿಸಿದರು. ಮನೆಯ ಬೀಗದ ಕೈಯನ್ನು ಅವ್ವನ ಕೈಗೇ ಕೊಟ್ಟರು. ಈಗ ಆ ಮನೆಯಲ್ಲಿ ಅವರ ನೆಂಟರ ಪೈಕಿ ವಯಸ್ಸಾದ ದಂಪತಿ ಇದ್ದಾರೆ. ಅಪ್ಪ ಇಲ್ಲ, ಮಿಲ್ಲೂ ಇಲ್ಲ; ಪ್ಯಾಕೆಟ್ ಹಿಟ್ಟಿನ ಮುಂದೆ ಅದು ಬಹಳ ದಿನ ಉಳಿಯಲಿಲ್ಲ. ಅವ್ವನಿಗೆ ಕಿವಿ ಮಂದ. ಆದರೂ ಟೊರಾಂಟೊದಿಂದ ವಿಡಿಯೋ ಕಾಲ್ ಬಂದರೆ ಇಬ್ಬರೂ ಪರದೆಗೆ ಮುಖ ಅಂಟಿಸಿಕೊಂಡು ಕೂಗಿ ಕೂಗಿ ಮಾತಾಡುತ್ತಾರೆ. ಅಮಾಲಾ ಅವರ ಮೊಮ್ಮಕ್ಕಳು ಪಕ್ಕದಲ್ಲಿ ನಿಂತು, ಅಜ್ಜಿ ಇದ್ದಕ್ಕಿದ್ದಂತೆ ಯಾವ ಭಾಷೆಗೆ ಹೊರಳಿದರೆಂದು ಬೆರಗಾಗಿ ನೋಡುತ್ತಾರೆ.

ಅವರ ಹೊಲವನ್ನು ಈಗ ನಮ್ಮಣ್ಣ ನೋಡಿಕೊಳ್ಳುತ್ತಾನೆ. ನಮ್ಮ ಸೀಮೆಯಲ್ಲೆಲ್ಲ ಶುಂಠಿಯ ಹಾವಳಿ. ಒಂದೆರಡು ವರ್ಷ ಒಳ್ಳೆ ದುಡ್ಡು, ಆಮೇಲೆ ನೆಲಕ್ಕೆ ಔಷಧಿ ಸುರಿದು ಸುರಿದು ಏನೂ ಬೆಳೆಯದ ಸ್ಥಿತಿ. ಅಣ್ಣ ಶುಂಠಿ ಹಾಕಿದ ಸುದ್ದಿ ಅದು ಹೇಗೋ ಟೊರಾಂಟೊ ಮುಟ್ಟಿತು. ಕಳೆದ ಸಲದ ಕಾಲ್‌ನಲ್ಲಿ ಅಮಾಲಾ ಅವ್ವನ ಜೊತೆ ಮಾತು ಮುಗಿಸಿ ಅಣ್ಣನನ್ನು ಕರೆಸಿಕೊಂಡರು. ಎಂಬತ್ತು ದಾಟಿದ ಮುದುಕಿಯ ಗಂಟಲಿನಲ್ಲಿ ಅದೇ ಹಳೆಯ ಕಟ್ಟುನಿಟ್ಟು. 'ಆ ಬೊಡ್ಡೆ ನಾವು ಕೈಯಲ್ಲಿ ಕಿತ್ತಿದ್ದು. ಶುಂಠಿ ಬೇಡ ಮಗ. ದುಡ್ಡು ಕಡಿಮೆ ಬಂದ್ರೆ ಬರ್ಲಿ, ನೀನು ಜೋಳ ಹಾಕು.' ಅಣ್ಣ 'ಆಯ್ತು ಅಮಾಲಾ' ಅಂದ. ಮುಂಗಾರಿಗೆ ಬಿತ್ತನೆ ಬೀಜ ತಂದಿದ್ದಾನೆ. ಮೊಳಕೆ ಬಂದ ಮೇಲೆ ಫೋಟೋ ಕಳಿಸಬೇಕಂತೆ, ಸಾಲು ಎಷ್ಟು ಅಂತರದಲ್ಲಿ ಬಿಟ್ಟಿದ್ದಾನೆಂದು ಅವರೇ ನೋಡುತ್ತಾರಂತೆ.